ದಮ್ಮಡಿ ಕೇಳಿಸ್ತದೇನು?

ಐಇಎಂ ರಿವ್ಯೂಗಳನ್ನು ಒಂದು ಹತ್ತು ಓದಿದರೆ ಸಾಕು, ಹನ್ನೊಂದನೆಯದನ್ನು ನೀವೇ ಬರೆದುಬಿಡಬಹುದು. ಬೇಸ್ ‘ಪಂಚಿ’, ಮಿಡ್ಸ್ ‘ಲಷ್’, ಟ್ರೆಬಲ್ ‘ಏರಿ’, ಸೌಂಡ್‌ಸ್ಟೇಜ್ ‘ಹೋಲೋಗ್ರಾಫಿಕ್’. ಕೊನೆಗೆ ಐದಕ್ಕೆ ನಾಲ್ಕೂವರೆ ಸ್ಟಾರು, ಅದರ ಕೆಳಗೆ ಖರೀದಿಯ ಲಿಂಕು. ಪರೀಕ್ಷೆಗೆ ಕೇಳಿದ ಹಾಡು ಯಾವುದು ಅಂತ ನೋಡಿದರೆ ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’, ಅದೂ 1994ರ ಲೈವ್ ಆವೃತ್ತಿಯೇ ಆಗಬೇಕು. ಒಳ್ಳೆಯ ರೆಕಾರ್ಡಿಂಗೇ, ಬೇಡ ಅನ್ನಲ್ಲ. ಆದರೆ ಆ ಡ್ರಮ್ಮು ಎದುರಿಗೆ ಕೂತು ಕೇಳಿದರೆ ಹೇಗಿರುತ್ತದೆ ಅನ್ನೋದು ಬರೆದವರಿಗೂ ಗೊತ್ತಿಲ್ಲ, ಓದುವ ನನಗೂ ಗೊತ್ತಿಲ್ಲ. ಇಬ್ಬರಿಗೂ ಗೊತ್ತಿಲ್ಲದ ಸದ್ದನ್ನು ಸಾಕ್ಷಿಗೆ ನಿಲ್ಲಿಸಿ ತೀರ್ಪು ಕೊಡೋದು ಯಾವ ನ್ಯಾಯ?

ಮೈಕು, ತಂತಿ, ಸ್ಪೀಕರು ಯಾವುದೂ ನಡುವೆ ಇಲ್ಲದೆ ಹತ್ತಿರದಿಂದ ಕೇಳಿ ಬಲ್ಲ ಸದ್ದುಗಳೇ ನಮ್ಮ ಅಳತೆಗೋಲು ಆಗಬೇಕು ಅನ್ನೋದು ನನ್ನ ವಾದ. ನನ್ನ ಮಟ್ಟಿಗೆ ಅವು ಯಾದಗಿರಿ ಜಿಲ್ಲೆಯ ಸದ್ದುಗಳು. ಊರು ಶಹಾಪುರದ ಕಡೆ, ನೌಕರಿ ಬೆಂಗಳೂರಿನಲ್ಲಿ. ರಜೆಗೆ ಹೋದಾಗ ಕಿಸೆಯಲ್ಲಿ ಎರಡು ಮೂರು ಐಇಎಂ ಇರುತ್ತವೆ. ಅಲ್ಲಿ ಕೇಳಿದ್ದನ್ನು ಕಿವಿಯಲ್ಲಿ ಹೊತ್ತುಕೊಂಡೇ ಇಲ್ಲಿ ಬಂದು ಕೇಳುತ್ತೇನೆ. ನಿಮ್ಮ ಊರು ಬೇರೆಯಾಗಿದ್ದರೆ ಸದ್ದೂ ಬೇರೆಯಾಗುತ್ತದೆ. ಯಕ್ಷಗಾನದ ಚಂಡೆ ಇರಬಹುದು, ಮನೆಯಲ್ಲಿ ಅಮ್ಮ ನುಡಿಸುವ ವೀಣೆ ಇರಬಹುದು. ವಿಧಾನ ಮಾತ್ರ ಒಂದೇ.

ಮೊದಲು ಹೆಸರಿನ ವಿಚಾರ ಮುಗಿಸಿಬಿಡೋಣ. ಐಇಎಂ ಅಂದರೆ ಇನ್-ಇಯರ್ ಮಾನಿಟರ್. ಎಟಿಮೋಟಿಕ್ ಕಂಪನಿಯ ಮೀಡ್ ಕಿಲಿಯನ್ ಶ್ರವಣಯಂತ್ರಗಳ ಮೇಲೆ ಕೆಲಸ ಮಾಡಿದವರು. 1991ರಲ್ಲಿ ಅವರ ಇಆರ್-4 ಬಂತು. 1995ರಲ್ಲಿ ವ್ಯಾನ್ ಹೇಲನ್ ತಂಡದ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗೆ ವೇದಿಕೆಯ ಗದ್ದಲದಲ್ಲೂ ತಮ್ಮ ವಾದ್ಯ ಕೇಳಿಸಲಿ ಅಂತ ಅವರ ಸೌಂಡ್ ಎಂಜಿನಿಯರ್ ಜೆರ್ರಿ ಹಾರ್ವಿ ಕಿವಿಗೆ ಹೊಂದುವಂಥದ್ದನ್ನು ಮಾಡಿಕೊಟ್ಟರು. ಅಲ್ಟಿಮೇಟ್ ಇಯರ್ಸ್ ಕಂಪನಿ ಹುಟ್ಟಿದ್ದು ಅಲ್ಲಿಂದ. ಒಂದು ಕಡೆ ಕಿವಿ ಮಂದವಾದವರಿಗೆ ಮಾತು ಕೇಳಿಸುವ ವಿದ್ಯೆ, ಇನ್ನೊಂದು ಕಡೆ ಗದ್ದಲದಲ್ಲಿ ತನ್ನ ದನಿಯನ್ನೇ ಕೇಳಿಕೊಳ್ಳುವ ಅಗತ್ಯ. ಈ ಎರಡೂ ಗೊತ್ತಿದ್ದರೆ ಐಇಎಂಗೆ ಕೇಳಬೇಕಾದ ಮೊದಲ ಪ್ರಶ್ನೆ ತಾನೇ ಸಿಗುತ್ತದೆ: ದನಿ ದನಿಯಂತೆ ಇದೆಯಾ?

ನಮ್ಮ ಕಡೆ ಅಮಾವಾಸ್ಯೆಯ ರಾತ್ರಿ ಮಠದಲ್ಲೋ ಗುಡಿಯ ಕಟ್ಟೆಯ ಮೇಲೋ ತತ್ವಪದ ಹಾಡುತ್ತಾರೆ. ಏಕತಾರಿ, ದಮ್ಮಡಿ, ತಾಳ, ಪೇಟಿ. ಪೇಟಿ ಅಂದರೆ ಹಾರ್ಮೋನಿಯಂ, ನಮ್ಮವರು ಹಾಗೇ ಅನ್ನೋದು. ಮುಂದೆ ಹಾಡುವವರು ಒಬ್ಬರು, ಎತ್ತಿಕೊಳ್ಳುವವರು ನಾಲ್ಕೈದು ಮಂದಿ. ಇನ್ನು ಸಂಕ್ರಾಂತಿಗೆ ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆ. ಭಂಡಾರದಲ್ಲಿ ಇಡೀ ಗುಡ್ಡ ಹಳದಿಯಾಗಿರುತ್ತದೆ, ‘ಏಳುಕೋಟಿ’ಯ ಕೂಗು, ಡೊಳ್ಳು. ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ ಕೃಷ್ಣೆಯ ದಂಡೆಗೆ ಮೌನೇಶ್ವರರ ಜಾತ್ರೆ, ಅಲ್ಲೂ ಭಜನೆ. ಇವನ್ನೆಲ್ಲ ಜೋಡಿಸಿ ನೋಡಿ: ತಳದಲ್ಲಿ ಡೊಳ್ಳು, ನಡುವೆ ಪೇಟಿ ಮತ್ತು ದನಿ, ಮೇಲೆ ದಮ್ಮಡಿಯ ಬಿಲ್ಲೆ ಮತ್ತು ತಾಳ. ಐಇಎಂ ಒಂದು ನುಡಿಸಬೇಕಾದ ಇಡೀ ಹರವು ಇಷ್ಟರಲ್ಲೇ ಬಂದುಬಿಡುತ್ತದೆ.

ಡೊಳ್ಳಿನಿಂದಲೇ ಶುರು ಮಾಡೋಣ. ಬಯಲಿನಲ್ಲಿ ಬಾರಿಸುವ ಡೊಳ್ಳಿಗೆ ಗೋಡೆಗಳ ಗುಂಯ್‌ಗುಡುವಿಕೆ ಇರೋದಿಲ್ಲ. ಪೆಟ್ಟು ಬೀಳುತ್ತದೆ, ಎದೆಗೆ ಹೊಡೆಯುತ್ತದೆ, ನಿಲ್ಲುತ್ತದೆ. ಮುಂದಿನ ಪೆಟ್ಟು ಬೀಳುವ ಮುಂಚೆ ಒಂದು ಖಾಲಿ ಜಾಗ ಇರುತ್ತದೆ. ಎದೆಗೆ ಹೊಡೆಯೋ ಭಾಗ ಯಾವ ಐಇಎಂನಿಂದಲೂ ಆಗದ ಮಾತು, ಅದು ಕಿವಿಯ ಕೆಲಸವೇ ಅಲ್ಲ. ಮೈಗೆ ತಾಗದ ಆ ಕೊರತೆಯನ್ನು ತುಂಬಲಿಕ್ಕೋ ಏನೋ, ಕೇಳುಗರು ಸ್ಪೀಕರಿಗಿಂತ ಇಯರ್‌ಫೋನಿನಲ್ಲಿ ಹೆಚ್ಚು ಬೇಸ್ ಬಯಸುತ್ತಾರೆ. ಹಾಗಾಗಿ ಬೇಸ್ ಸ್ವಲ್ಪ ಎತ್ತಿಟ್ಟರೆ ನನಗೆ ತಕರಾರಿಲ್ಲ. ನಾನು ಕೇಳಿಸಿಕೊಳ್ಳೋದು ಎರಡು ಪೆಟ್ಟುಗಳ ನಡುವಿನ ಆ ಖಾಲಿ ಜಾಗವನ್ನು. ಅದು ತುಂಬಿಹೋಗಿ ಡೊಳ್ಳು ದಿಂಬಿಗೆ ಹೊಡೆದಂತೆ ಕೇಳಿದರೆ, ಅದಕ್ಕೆ ರಿವ್ಯೂದವರು ಏನೇ ಹೆಸರಿಡಲಿ, ಅದು ಡೊಳ್ಳಲ್ಲ.

ದನಿಯ ವಿಷಯಕ್ಕೆ ಬಂದರೆ ನಮ್ಮ ಹಾಡುಗಾರರ ಹತ್ತಿರ ಇಂಗ್ಲಿಷ್ ರಿವ್ಯೂಗಳಿಗಿಂತ ಚೊಕ್ಕ ಶಬ್ದಗಳಿವೆ. ಮೈಕ್‌ಸೆಟ್ ಸರಿಯಿಲ್ಲ ಅಂದರೆ ಏನು ಸರಿಯಿಲ್ಲ ಅಂತ ಒಂದೇ ಮಾತಲ್ಲಿ ಹೇಳುತ್ತಾರೆ. “ಕೊಡದಾಗ ಬಾಯಿಟ್ಟು ಹಾಡ್ದಂಗ ಆಗ್ಯದ” ಅಂದರೆ 200–300 ಹರ್ಟ್ಸ್ ಆಸುಪಾಸು ಉಬ್ಬಿದೆ ಅಂತ ಅರ್ಥ. “ಮೂಗಿನಾಗ ಹಾಡ್ದಂಗ” ಅಂದರೆ 1,000 ಹರ್ಟ್ಸ್ ಸುತ್ತಮುತ್ತ ಜಾಸ್ತಿಯಾಗಿದೆ. “ಡಬ್ಬಿ ಸಪ್ಪಳ” ಅಂದರೆ ಕೆಳಗಿನದು ಸೋರಿಹೋಗಿ 2ರಿಂದ 4 ಕಿಲೋಹರ್ಟ್ಸ್ ಮುಂದೆ ಬಂದಿದೆ. “ಸಕಾರ ಚುಚ್ತದ” ಅಂದರೆ ಆರರಿಂದ ಒಂಬತ್ತು ಕಿಲೋಹರ್ಟ್ಸ್ ನಡುವೆ ಎಲ್ಲೋ ಒಂದು ಮೊನೆ ಎದ್ದಿದೆ. ತತ್ವಪದದಲ್ಲಿ ‘ಸದ್ಗುರು’ ಅನ್ನೋ ಶಬ್ದ ಎಷ್ಟು ಸಲ ಬರುತ್ತದೆ ಅಂತ ಬಲ್ಲವರಿಗೆ ಗೊತ್ತು. ಪ್ರತಿ ಸಲವೂ ಆ ‘ಸ’ ಸೂಜಿಯಂತೆ ಚುಚ್ಚಿದರೆ ಆ ಐಇಎಂ ಹಾಕಿಕೊಂಡು ಒಂದು ಪದವನ್ನೂ ಪೂರ್ತಿ ಕೇಳಲಾಗದು.

ಇನ್ನೊಂದು ಪರೀಕ್ಷೆ ಕನ್ನಡದವರಿಗೇ ಮೀಸಲು, ಇದನ್ನು ನಾನು ತುಂಬಾ ನಂಬುತ್ತೇನೆ. ‘ಬೆಲೆ’ ಮತ್ತು ‘ಬೆಳೆ’. ತೊಗರಿ ಬೆಳೆಯೋ ಊರಿನವರಿಗೆ ಈ ಎರಡು ಬೇರೆಬೇರೆ ಅಂತ ಹೇಳಿಕೊಡೋದೇ ಬೇಡ. ನಾಲಿಗೆಯನ್ನು ಹಿಂದಕ್ಕೆ ಮಡಚಿ ‘ಳ’ ಅಂದಾಗ ಬಾಯಿಯೊಳಗಿನ ಮೂರನೇ ಅನುರಣನ ‘ಲ’ಕ್ಕಿಂತ ಕೆಳಗಿಳಿಯುತ್ತದೆ. ಆ ವ್ಯತ್ಯಾಸವೆಲ್ಲ ಇರೋದು ಹೆಚ್ಚುಕಡಿಮೆ 2ರಿಂದ 3 ಕಿಲೋಹರ್ಟ್ಸ್ ಪಟ್ಟಿಯಲ್ಲಿ. ‘ನ’–‘ಣ’ ವಿಷಯವೂ ಹಾಗೇ. ಐಇಎಂ ಆ ಪಟ್ಟಿಯಲ್ಲಿ ತಗ್ಗಿದ್ದರೆ ಳಕಾರಗಳೆಲ್ಲ ಮೆತ್ತಗಾಗಿ ಲಕಾರಗಳ ಜೊತೆ ಬೆರೆಯುತ್ತವೆ. ಗೊತ್ತಿರುವ ಹಾಡಿನಲ್ಲಿ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಮನಸ್ಸು ಅಕ್ಷರವನ್ನು ತಾನೇ ತುಂಬಿಕೊಂಡುಬಿಡುತ್ತದೆ. ಮೊದಲ ಸಲ ಕೇಳುವ ಪದ ಹಾಕಿಕೊಳ್ಳಿ, ಸಾಹಿತ್ಯವನ್ನು ಬರೆದುಕೊಳ್ಳುತ್ತಾ ಕೇಳಿ. ಎಷ್ಟು ಸಲ ಹಿಂದಕ್ಕೆ ಹೋಗಿ ಕೇಳಬೇಕಾಯಿತು ಅಂತ ಎಣಿಸಿ. ಐದು ಸ್ಟಾರುಗಳಿಗಿಂತ ಆ ಎಣಿಕೆಯೇ ಹೆಚ್ಚು ಹೇಳುತ್ತದೆ.

ಹೆಣ್ಣುದನಿಗೆ ನಾನು ಗಂಗೂಬಾಯಿ ಹಾನಗಲ್ ಅವರ ರೆಕಾರ್ಡಿಂಗ್ ಇಟ್ಟುಕೊಂಡಿದ್ದೇನೆ. ಅವರ ದನಿ ಗಂಡುದನಿಯಷ್ಟು ತಗ್ಗಿನದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸರಿಯಾದ ಐಇಎಂನಲ್ಲಿ ಕೇಳಿದರೆ ಅದು ಗಂಡಸಿನ ದನಿ ಅಂತ ಒಂದು ಕ್ಷಣವೂ ಅನ್ನಿಸುವುದಿಲ್ಲ. ಕೆಳಗೆ ಭಾರ ಇರುತ್ತದೆ, ಮೇಲೆ ಅಂಚು ಇರುತ್ತದೆ. ಬೇಸ್ ಮಧ್ಯಕ್ಕೆ ಸೋರುವ ಐಇಎಂನಲ್ಲಿ ಅಂಚು ಹೋಗಿ ಬರೀ ಭಾರ ಉಳಿಯುತ್ತದೆ. ಮೇಲಿನ ಮಿಡ್ಸ್ ಎತ್ತಿಟ್ಟ ಐಇಎಂನಲ್ಲಿ ಭಾರ ಹೋಗಿ ಬೇರೆ ಯಾರೋ ಹಾಡಿದಂತಾಗುತ್ತದೆ. ಹಿಂದೆ ತಂಬೂರಿ ಇರುತ್ತದಲ್ಲ, ಅದರ ಜವಾರಿಯಿಂದ ಏಳುವ ಮೇಲ್ದನಿಗಳು ದಾರದಂತೆ ಎಳೆದುಕೊಂಡು ಹೋಗಬೇಕು, ದನಿಯ ಹಿಂದೆ ಮಂಜು ಕವಿದಂತೆ ಆಗಬಾರದು.

ಇನ್ನು ದಮ್ಮಡಿ. ಅಂಗೈಯಗಲದ ಚರ್ಮ, ಅಂಚಿಗೆ ಸಣ್ಣ ಬಿಲ್ಲೆಗಳು. ಬೆರಳು ತಟ್ಟಿದಾಗ ಚರ್ಮದ ಸದ್ದು ಮೊದಲು, ಬಿಲ್ಲೆಗಳ ಝಣ ಆಮೇಲೆ. ಕೂದಲೆಳೆಯಷ್ಟು ಅಂತರ, ಆದರೆ ಎದುರಿಗೆ ಕೂತವರಿಗೆ ಅದು ಸ್ಪಷ್ಟ. ಅಗ್ಗದ ಐಇಎಂಗಳಲ್ಲಿ, ಎಷ್ಟೋ ದುಬಾರಿಯವುಗಳಲ್ಲೂ, ಟ್ರೆಬಲ್‌ನಲ್ಲಿ ಒಂದು ಮೊನೆ ಎದ್ದಿರುತ್ತದೆ. ಅದರಲ್ಲಿ ಕೇಳಿದರೆ ಚರ್ಮ ಕಾಣೆ, ಯಾರೋ ಚಿಲ್ಲರೆ ಕಾಸು ನೆಲಕ್ಕೆ ಎರಚಿದ ಸದ್ದು ಮಾತ್ರ ಉಳಿಯುತ್ತದೆ. ಇದನ್ನೇ ರಿವ್ಯೂಗಳು ‘ಡೀಟೇಲ್’ ಅಂತ ಹೊಗಳುತ್ತವೆ. ಮೊದಲು ಕೇಳದಿದ್ದದ್ದು ಕೇಳಿಸ್ತು ಅಂತ ಖುಷಿ. ಹೌದು, ಕೇಳಿಸ್ತು, ಯಾಕೆಂದರೆ ಆ ಜಾಗವನ್ನು ಎತ್ತಿಟ್ಟಿದ್ದಾರೆ. ಹಾಡಿನಲ್ಲಿ ಅದು ಅಷ್ಟು ಇರಲೇ ಇಲ್ಲ. ಡೀಟೇಲ್ ಅಂದರೆ ನನಗೆ ಚರ್ಮವೂ ಬಿಲ್ಲೆಯೂ ಬೇರೆಬೇರೆಯಾಗಿ, ತಮ್ಮತಮ್ಮ ಸರದಿಯಲ್ಲಿ ಕೇಳಿಸೋದು.

ಕಳೆದ ಸಲ ಊರಿಗೆ ಹೋದಾಗ ಶಹಾಪುರದಲ್ಲಿ ಪೇಟಿ ನುಡಿಸುವ ಕಾಕಾ ಒಬ್ಬರಿಗೆ ಎರಡು ಐಇಎಂ ಕೊಟ್ಟು ಕೇಳಿಸಿದೆ. ಎರಡರ ಬೆಲೆಗೂ ಹತ್ತು ಪಟ್ಟು ಅಂತರ, ಯಾವುದು ಯಾವುದು ಅಂತ ಹೇಳಿರಲಿಲ್ಲ. ಅವರದೇ ತಂಡದ ರೆಕಾರ್ಡಿಂಗು. ದುಬಾರಿಯದನ್ನು ಅರ್ಧ ಪದ ಕೇಳಿ ತೆಗೆದರು.

“ಇದ್ರಾಗ ನನ್ನ ಪೇಟಿ ಮುಂದ ಬಂದದ, ಹಾಡೋನು ಹಿಂದ ಸರದಾನ. ಹಂಗ ಆಗಬಾರದು ತಮ್ಮ.”

“ಮತ್ತ ಇನ್ನೊಂದು, ಕಾಕಾ?”

“ಇದು ಬರೋಬ್ಬರಿ ಅದ. ಆದ್ರ ದಮ್ಮಡಿ ಸ್ವಲ್ಪ ಸಪ್ಪಗದ. ನಡೀತದ.”

ಪೇಟಿಯ ಮತ್ತು ಗಂಡುದನಿಯ ಕೆಳಭಾಗ ಹೆಚ್ಚುಕಡಿಮೆ ಒಂದೇ ಪಟ್ಟಿಯಲ್ಲಿರುತ್ತವೆ. ಆ ಪಟ್ಟಿ ಉಬ್ಬಿದರೆ ಸತತವಾಗಿ ನುಡಿಯುವ ಪೇಟಿಗೆ ಲಾಭ, ಉಸಿರು ತಗೊಂಡು ಹಾಡುವ ದನಿಗೆ ನಷ್ಟ. ಇದನ್ನು ನಾನು ಗ್ರಾಫ್ ನೋಡಿ ಹೇಳಿದೆ, ಅವರು ಅರ್ಧ ಪದದಲ್ಲಿ ಹೇಳಿದರು. ತಮ್ಮ ವಾದ್ಯ ಮುಂದೆ ಬಂತು ಅಂತ ಹಿಗ್ಗದೆ ಅದನ್ನೇ ದೋಷ ಅಂದರಲ್ಲ, ಅದು ನನಗೆ ತುಂಬಾ ಹಿಡಿಸಿತು.

ಗ್ರಾಫ್ ಬೇಡ ಅಂತ ಇದರ ಅರ್ಥ ಅಲ್ಲ. ‘ಕಿವಿಯೇ ದೇವರು, ಗ್ರಾಫ್ ಸುಳ್ಳು’ ಅನ್ನುವ ಪಂಗಡದವರ ಜೊತೆ ನನಗೆ ಆಗಿಬರಲ್ಲ. ಶಾನ್ ಆಲಿವ್ ಮತ್ತವರ ಜೊತೆಗಾರರು ಹಾರ್ಮನ್ ಕಂಪನಿಯಲ್ಲಿ ವರ್ಷಗಟ್ಟಲೆ ಕೇಳುಗರನ್ನು ಕೂರಿಸಿ, ಯಾವುದು ಯಾವುದು ಅಂತ ತಿಳಿಯದ ಹಾಗೆ ಬೇರೆಬೇರೆ ಟ್ಯೂನಿಂಗ್ ಕೇಳಿಸಿ, ಹೆಚ್ಚು ಜನಕ್ಕೆ ಯಾವುದು ಹಿಡಿಸುತ್ತದೆ ಅಂತ ಒಂದು ಗೆರೆ ಎಳೆದರು. ಹಾರ್ಮನ್ ಟಾರ್ಗೆಟ್ ಅನ್ನೋದು ಅದೇ. ಇನ್-ಇಯರ್‌ಗೆ ಬೇರೆಯೇ ಗೆರೆ ಇದೆ, ಅದರಲ್ಲಿ ಬೇಸ್ ಇನ್ನೂ ಹೆಚ್ಚು. ಆ ಗೆರೆಯಲ್ಲಿ 3 ಕಿಲೋಹರ್ಟ್ಸ್ ಹತ್ತಿರ ಒಂದು ದಿಬ್ಬ ಕಾಣುತ್ತದೆ. ಹೊಸಬರು ಅದನ್ನು ನೋಡಿ ಗಾಬರಿಯಾಗುತ್ತಾರೆ. ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕೊಳವೆ, ಒಂದು ತುದಿ ಮುಚ್ಚಿದ್ದು. ಕೊಳಲಿನ ಹಾಗೆ ಅದಕ್ಕೂ ತನ್ನದೇ ಒಂದು ಶ್ರುತಿ ಇದೆ, ಅದು ಇರೋದು ಅಲ್ಲೇ. ಹುಟ್ಟಿನಿಂದ ನಾವು ಲೋಕವನ್ನು ಆ ದಿಬ್ಬದ ಸಮೇತವೇ ಕೇಳಿದ್ದೇವೆ. ಐಇಎಂ ಆ ಕೊಳವೆಗೆ ಬಿರಡೆ ಹಾಕುವುದರಿಂದ ದಿಬ್ಬವನ್ನು ಅದೇ ಕಟ್ಟಿಕೊಡಬೇಕಾಗುತ್ತದೆ.

ಆದರೆ ಗ್ರಾಫ್ ಅನ್ನೋದು ಶಹಾಪುರದ ಮಲಗಿದ ಬುದ್ಧನ ಹಾಗೆ. ರಸ್ತೆಯಲ್ಲಿ ಒಂದು ಸರಿಯಾದ ಜಾಗದಲ್ಲಿ ನಿಂತು ನೋಡಿದರೆ ಬೆಟ್ಟಗಳ ಸಾಲು ಅಂಗಾತ ಮಲಗಿದ ಬುದ್ಧ. ಬಸ್ಸು ಸ್ವಲ್ಪ ಮುಂದೆ ಹೋಯ್ತೋ, ಬರೀ ಬಂಡೆ. ಐಇಎಂಗಳನ್ನು ಅಳೆಯುವ ಸಾಧನಗಳಲ್ಲಿ ಬಹುಪಾಲು ಐಇಸಿ 60318-4 ಅನ್ನೋ ಮಾನದಂಡದ ಕಪ್ಲರ್‌ಗಳು. ರಿವ್ಯೂದವರು ಹಳೆಯ ಹೆಸರಲ್ಲೇ ‘711’ ಅನ್ನುತ್ತಾರೆ. ಅದು ಸರಾಸರಿ ಕಿವಿಯ ಲೋಹದ ಪ್ರತಿರೂಪ. ಅದರೊಳಗೆ ಐಇಎಂ ಎಷ್ಟು ಆಳಕ್ಕೆ ಕೂತಿತು ಅನ್ನುವುದರ ಮೇಲೆ 8 ಕಿಲೋಹರ್ಟ್ಸ್ ಸುತ್ತಮುತ್ತ ಒಂದು ಶಿಖರ ಬರುತ್ತದೆ, ಅದು ಅಳತೆಯ ಕೊಳವೆಯದು. ನಿಮ್ಮ ಕಿವಿಯಲ್ಲಿ ಆ ಶಿಖರ ಬೇರೆ ಕಡೆ ಇರುತ್ತದೆ. 10 ಕಿಲೋಹರ್ಟ್ಸ್ ಮೇಲಿನ ಗೆರೆಯನ್ನಂತೂ ಕಣ್ಣುಮುಚ್ಚಿ ನಂಬುವ ಹಾಗೇ ಇಲ್ಲ. ಹಾಗಾಗಿ ಬೇಸ್ ಮತ್ತು ಮಿಡ್ಸ್‌ಗೆ ಗ್ರಾಫ್ ನೋಡಿ, ದಮ್ಮಡಿಗೆ ಕಿವಿಯನ್ನೇ ಕೇಳಿ. ಡೊಳ್ಳಿಗೆ ಗ್ರಾಫ್ ಸಾಕ್ಷಿ ಹೇಳುತ್ತದೆ, ದಮ್ಮಡಿಗೆ ಹೇಳುವುದಿಲ್ಲ.

ಟ್ಯೂನಿಂಗ್ ಒಂದೆರಡು ಡೆಸಿಬೆಲ್ ಬದಲಾದರೆ ಏನಾಗುತ್ತದೆ ಅಂತ ತಿಳಿಯಲು ಎಟಿಮೋಟಿಕ್‌ನ ಇಆರ್2ಎಸ್‌ಇ ಮತ್ತು ಇಆರ್2ಎಕ್ಸ್‌ಆರ್ ಎರಡನ್ನೂ ಪಕ್ಕಪಕ್ಕ ಕೇಳಿ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಬೇಸ್ ಒಂದೇ, ಎಕ್ಸ್‌ಆರ್‌ನಲ್ಲಿ ಅದನ್ನು ಎತ್ತಿದ್ದಾರೆ. ತತ್ವಪದಕ್ಕೆ ಎಸ್‌ಇ ಸಾಕು. ಡೊಳ್ಳು ಬಂದ ಕೂಡಲೇ ಎಸ್‌ಇ ಒಣಗಿಹೋಗುತ್ತದೆ, ಎಕ್ಸ್‌ಆರ್‌ಗೆ ಜೀವ ಬರುತ್ತದೆ. ಆಳಕ್ಕೆ ತೂರಿಸಿಕೊಳ್ಳಬೇಕಾದ ಇವುಗಳ ಟಿಪ್ ಎಲ್ಲರಿಗೂ ಆಗಿಬರಲ್ಲ, ಅದು ಬೇರೆ ಕಥೆ. ಅಗ್ಗದವುಗಳಲ್ಲಿ 2022ರಲ್ಲಿ ಬಂದ ಟ್ರೂಥಿಯರ್ ಝೀರೋ ಹಾರ್ಮನ್ ಗೆರೆಗೆ ಹತ್ತಿರ ಹೋದದ್ದಕ್ಕೆ ಹೆಸರಾಯಿತು. ನನ್ನ ಕಿವಿಗೆ ಅದರ ತಳದ ಬೇಸ್ ಚೆನ್ನ, ಆದರೆ ಬೇಸ್ ಮುಗಿದು ದನಿ ಶುರುವಾಗುವ ಜಾಗ ಖಾಲಿ. ತತ್ವಪದ ಹಾಡುವ ಅರವತ್ತು ದಾಟಿದ ಅಜ್ಜನ ದನಿ ಅದರಲ್ಲಿ ನಲವತ್ತು ವರ್ಷದವನದಾಗುತ್ತದೆ. ಕೇಳಲು ಚಂದವೇ, ಆದರೆ ಅಜ್ಜ ಎಲ್ಲಿ? ಮುಂದೆ 2023ರಲ್ಲಿ ಬಂದ ಝೀರೋ ರೆಡ್‌ನಲ್ಲಿ ಈ ತೆಳುತನ ಕಡಿಮೆ. ಅದರ ಡಬ್ಬಿಯಲ್ಲಿ ಒಂದು 10 ಓಮ್ ಅಡಾಪ್ಟರ್ ಬರುತ್ತದೆ, ಸಿಕ್ಕಿಸಿದರೆ ಬೇಸ್ ಏರುತ್ತದೆ. ಮೈಲಾಪುರಕ್ಕೆ ಅಡಾಪ್ಟರ್ ಸಮೇತ, ಅಮಾವಾಸ್ಯೆಗೆ ಅಡಾಪ್ಟರ್ ಇಲ್ಲದೆ.

ಬೆಲೆ ಬಗ್ಗೆ ಹೆಚ್ಚು ಹೇಳಲ್ಲ. 2017ರಲ್ಲಿ ಜೆರೋನ್ ಬ್ರೀಬಾರ್ಟ್ ಅನ್ನುವವರು 283 ಹೆಡ್‌ಫೋನುಗಳನ್ನು ಅಳೆದ ಮಾಹಿತಿ ಇಟ್ಟುಕೊಂಡು ನೋಡಿದರು: ಬೆಲೆಗೂ ಫ್ರೀಕ್ವೆನ್ಸಿ ರೆಸ್ಪಾನ್ಸಿಗೂ ಸಂಬಂಧವೇ ಕಾಣಲಿಲ್ಲ. ಇಎಂಐ ಹಾಕಿ ನಲವತ್ತು ಸಾವಿರದ್ದು ತಗೊಳ್ಳುವವರು ತಗೊಳ್ಳಲಿ, ಲೋಹದ ಕೆಲಸ ಚೆನ್ನಾಗಿರುತ್ತದೆ, ವೈರು ಗಟ್ಟಿ ಇರುತ್ತದೆ, ಕೈಗೆ ಖುಷಿ. ಆದರೆ ಎರಡು ಮೂರು ಸಾವಿರದ್ದು ಕೇಳಿ “ಬಜೆಟ್ ಸೌಂಡ್” ಅಂತ ಮೂಗು ಮುರಿಯುವವರು ಬೆಲೆ ತಿಳಿಯದ ಹಾಗೆ ಒಮ್ಮೆ ಕೂರಲಿ, ಶಹಾಪುರದ ಕಾಕಾ ಕೂತ ಹಾಗೆ.

ಸೌಂಡ್‌ಸ್ಟೇಜ್ ಅನ್ನುವ ಮಾತಿನ ಮೇಲೆ ನನಗೆ ಎಲ್ಲಕ್ಕಿಂತ ಅನುಮಾನ. ಸುರಪುರದ ಹತ್ತಿರ ಬೋನಾಳ ಕೆರೆ ಇದೆ, ಪಕ್ಷಿಧಾಮ. ಬೆಳಿಗ್ಗೆ ಹೋಗಿ ದಂಡೆಯ ಮೇಲೆ ಕಣ್ಣುಮುಚ್ಚಿ ಕೂತರೆ ಯಾವ ಹಕ್ಕಿ ಮೇಲೆ ಹಾರಿತು, ಯಾವುದು ಬೆನ್ನ ಹಿಂದೆ ಕೂಗಿತು ಅಂತ ಗೊತ್ತಾಗುತ್ತದೆ. ಎಡ-ಬಲ ತಿಳಿಯಲು ಎರಡು ಕಿವಿ ಸಾಕು. ಮೇಲೆ-ಕೆಳಗೆ, ಹಿಂದೆ-ಮುಂದೆ ತಿಳಿಯಲು ನಮ್ಮ ಹೊರಗಿವಿಯ ಆ ಮಡಿಕೆಗಳೇ ಬೇಕು. ಬೇರೆಬೇರೆ ದಿಕ್ಕಿನ ಸದ್ದನ್ನು ಅವು ಬೇರೆಬೇರೆ ರೀತಿ ತಿದ್ದಿ ಒಳಗೆ ಕಳಿಸುತ್ತವೆ. ಐಇಎಂ ಕೂರೋದು ಆ ಮಡಿಕೆಗಳನ್ನು ದಾಟಿ, ಒಳಗೆ. ಅಂದಮೇಲೆ ‘ವೇದಿಕೆ ಎದುರಿಗೇ ತೆರೆದುಕೊಂಡಿತು’ ಅಂತ ಬರೆಯುವವರು ತಮ್ಮ ಕಲ್ಪನೆಯನ್ನು ಬರೆಯುತ್ತಿದ್ದಾರೆ. ಐಇಎಂಗಳ ನಡುವೆ ವ್ಯತ್ಯಾಸ ಇಲ್ಲ ಅಂತಲ್ಲ, ಟ್ಯೂನಿಂಗ್ ಬದಲಾದರೆ ದನಿ ಹತ್ತಿರ ದೂರ ಆದಂತೆ ಅನ್ನಿಸುತ್ತದೆ. ಅದನ್ನು ಅಷ್ಟಕ್ಕೇ ಬರೆದರೆ ಆಯ್ತು. ನಾನು ಕೇಳೋದು ಒಂದೇ: ಎತ್ತಿಕೊಳ್ಳುವ ನಾಲ್ಕು ಮಂದಿ ನಾಲ್ಕು ದನಿಯಾಗಿ ಕೇಳುತ್ತಾರಾ, ಅಥವಾ ಒಂದೇ ಮುದ್ದೆಯಾ?

ಇಷ್ಟೆಲ್ಲ ಹೇಳಿ ಟಿಪ್ ವಿಷಯ ಬಿಟ್ಟರೆ ಎಲ್ಲ ನೀರಿಗೆ ಹಾಕಿದಂತೆ. ಟಿಪ್ ಕಿವಿಯಲ್ಲಿ ಬಿಗಿಯಾಗಿ ಕೂರದಿದ್ದರೆ ಮೊದಲು ಸೋರಿಹೋಗೋದು ಬೇಸ್. ಡೊಳ್ಳೇ ಇಲ್ಲ ಅಂತ ಐಇಎಂಗೆ ಬೈಯುವ ಮುಂಚೆ ಒಂದು ಸೈಜು ದೊಡ್ಡ ಟಿಪ್ ಹಾಕಿ ನೋಡಿ. ಎಡಕ್ಕೊಂದು ಬಲಕ್ಕೊಂದು ಸೈಜು ಬೇಕಾಗೋದೂ ಉಂಟು, ಅದು ರೋಗವಲ್ಲ. ಎರಡು ಐಇಎಂ ಹೋಲಿಸುವಾಗ ಎರಡರ ದನಿ ಒಂದೇ ಜೋರಿಗೆ ಇರಬೇಕು. ಒಂದು ಡೆಸಿಬೆಲ್ ಜೋರಾಗಿದ್ದರೂ ಅದೇ ಚಂದ ಅನ್ನಿಸುತ್ತದೆ, ಯಾರಿಗೆ ಬೇಕಾದರೂ. ಯಾದಗಿರಿಯಿಂದ ಶಹಾಪುರಕ್ಕೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಲ್ಲಿ ಕೂತು ತೀರ್ಪು ಕೊಡಬೇಡಿ. ಎಂಜಿನ್ನಿನ ಗುಡುಗುಡು ಬೇಸನ್ನು ನುಂಗುತ್ತದೆ, ಬೆಂಗಳೂರಿನ ಮೆಟ್ರೋದಲ್ಲೂ ಹಾಗೇ. ನುಂಗಿದ್ದನ್ನು ವಾಪಸ್ ಪಡೆಯಲು ವಾಲ್ಯೂಮ್ ಏರಿಸುತ್ತಾ ಹೋಗುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ಗೆ. ಆಫೀಸಲ್ಲಿ ಎಂಟು ಗಂಟೆ ಕಿವಿಗೆ ಸಿಕ್ಕಿಸಿಕೊಂಡು ಕೂರುವ ನಮ್ಮಂಥವರ ಲೆಕ್ಕ ಶುಕ್ರವಾರಕ್ಕೇ ಮುಗಿಯಿತು. ದಮ್ಮಡಿಯ ಝಣ ಇರುವ ಮೇಲಿನ ಭಾಗದಲ್ಲೇ ಕಿವಿಗೆ ಪೆಟ್ಟು ಮೊದಲು ಕಾಣಿಸಿಕೊಳ್ಳುವುದು.

ಈಗ ನನ್ನನ್ನು ನಿಜವಾಗಿ ಕಾಡುವ ವಿಷಯ. ಫ್ಲಾಯ್ಡ್ ಟೂಲ್ ಅನ್ನುವ ಧ್ವನಿವಿಜ್ಞಾನಿ ‘ಗೊಂದಲದ ವರ್ತುಲ’ ಅಂತ ಒಂದು ಮಾತು ಹೇಳಿದ್ದಾರೆ. ರೆಕಾರ್ಡಿಂಗನ್ನು ಸ್ಪೀಕರಿನಲ್ಲಿ ಕೇಳಿ ಸರಿ ಮಾಡುತ್ತಾರೆ, ಆಮೇಲೆ ಅದೇ ರೆಕಾರ್ಡಿಂಗ್ ಇಟ್ಟುಕೊಂಡು ಸ್ಪೀಕರನ್ನು ಅಳೆಯುತ್ತಾರೆ. ಸುತ್ತಿದ್ದೇ ಸುತ್ತು. ತತ್ವಪದದ ವಿಷಯದಲ್ಲಿ ಈ ವರ್ತುಲ ಇನ್ನೂ ಕೆಟ್ಟದ್ದು. ನಮ್ಮ ಕಡೆಯ ಹಿರಿಯ ಹಾಡುಗಾರರ ಪದಗಳು ಸಿಗೋದೇ ಫೋನಿನ ವಿಡಿಯೋಗಳಲ್ಲಿ. ಫೋನಿನ ಮೈಕು ಜೋರು ಸದ್ದು ಬಂದಾಗ ತಾನೇ ಲೆವೆಲ್ ಇಳಿಸುತ್ತದೆ. ದಮ್ಮಡಿಯ ಪೆಟ್ಟು ಬಿದ್ದಾಗಲೆಲ್ಲ ದನಿ ಕುಗ್ಗಿ ಮತ್ತೆ ಏಳುತ್ತದೆ, ಮುಳುಗಿ ಏಳುವವರ ಹಾಗೆ. ಎಷ್ಟೋ ಸಲ ಹಾಡಿದ್ದು ಹಾರ್ನಿನ ಮೈಕ್‌ಸೆಟ್‌ನಲ್ಲಿ, ಫೋನು ಹಿಡಿದದ್ದು ಆ ಹಾರ್ನಿನ ಸದ್ದನ್ನು. ಸ್ಟುಡಿಯೋದಲ್ಲಿ ಮಾಡಿದ ಆಲ್ಬಮ್ಮುಗಳಾದರೋ ದಮ್ಮಡಿಯ ಜಾಗದಲ್ಲಿ ರಿದಮ್ ಪ್ಯಾಡ್, ದನಿಯ ಮೇಲೆ ಬಾವಿಯಷ್ಟು ಎಕೋ.

ಇಂಥ ರೆಕಾರ್ಡಿಂಗನ್ನು ಬೇಸ್ ಮತ್ತು ಟ್ರೆಬಲ್ ಎರಡೂ ಉಬ್ಬಿ ನಡು ತಗ್ಗಿದ, ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಓಡುವ ತರಹದ ಇಯರ್‌ಫೋನಿನಲ್ಲಿ ಹಾಕಿ. ತಳದಲ್ಲಿ ಫ್ಯಾನಿನ ಗುಂಯ್, ಮೇಲೆ ಸುಸ್ ಅನ್ನುವ ಗದ್ದಲ, ನಡುವೆ ದನಿ ಎಲ್ಲೋ. ಇಪ್ಪತ್ತೈದರ ಹುಡುಗನೊಬ್ಬ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತು ಇದನ್ನು ಹತ್ತು ಸೆಕೆಂಡ್ ಕೇಳಿ “ಲೋ ಕ್ವಾಲಿಟಿ” ಅಂತ ಮುಂದಕ್ಕೆ ತಳ್ಳುತ್ತಾನೆ. ಅವನು ತಳ್ಳಿದ್ದು ರೆಕಾರ್ಡಿಂಗನ್ನೋ, ಐಇಎಂ ಅನ್ನೋ, ಪದವನ್ನೋ? ಅವನ ಅಜ್ಜ ಹಾಡಿಕೊಂಡು ಬಂದ ಪದವೇ ಇರಬಹುದು. ಅದೇ ರೆಕಾರ್ಡಿಂಗನ್ನು ಮಿಡ್ಸ್ ನೆಟ್ಟಗಿರುವ ಐಇಎಂನಲ್ಲಿ ಹಾಕಿದರೆ ಗದ್ದಲ ಹೋಗುವುದಿಲ್ಲ, ಆದರೆ ದನಿ ಗದ್ದಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ದನಿಯ ಮುಖ್ಯ ಭಾಗ ಇರೋದು 300ರಿಂದ 3,400 ಹರ್ಟ್ಸ್ ನಡುವೆ, ಹಳೇ ಟೆಲಿಫೋನು ಅಷ್ಟರಲ್ಲೇ ಸಂಸಾರ ಮಾಡಿತು. ಫೋನಿನ ಮೈಕು, ಹಾರ್ನು ಕೂಡ ಅಷ್ಟನ್ನು ಹಿಡಿದಿರುತ್ತವೆ. ರಿವ್ಯೂದವರು ಚೆನ್ನಾಗಿ ರೆಕಾರ್ಡಾದ ಹಾಡುಗಳಲ್ಲೇ ಐಇಎಂ ಪರೀಕ್ಷೆ ಮಾಡುತ್ತಾರೆ, ಚೆನ್ನಾಗಿ ರೆಕಾರ್ಡಾದದ್ದನ್ನು ಯಾವ ಐಇಎಂ ಬೇಕಾದರೂ ಅರ್ಧಮರ್ಧ ಚೆನ್ನಾಗಿ ನುಡಿಸುತ್ತದೆ. ಕೆಟ್ಟದಾಗಿ ರೆಕಾರ್ಡಾದ ಒಳ್ಳೆಯ ಹಾಡನ್ನು ಕೊನೆಯವರೆಗೆ ಕೇಳುವಂತೆ ಮಾಡುತ್ತದಾ ಅನ್ನೋ ಪರೀಕ್ಷೆಯನ್ನು ಯಾರೂ ಮಾಡಲ್ಲ. ನಾನು ಅಂಕ ಕೊಡುವುದು ಅದಕ್ಕೇ.

ಮತ್ತೆ ಆ ನಲವತ್ತು ಸಾವಿರದ ಮಾತು. ಅದರಲ್ಲಿ ಸ್ವಲ್ಪವೇ ತೆಗೆದಿಟ್ಟರೆ ಕೈಯಲ್ಲಿ ಹಿಡಿಯುವ ಒಂದು ಸ್ಟೀರಿಯೋ ರೆಕಾರ್ಡರ್ ಬರುತ್ತದೆ, ಉಳಿದದ್ದರಲ್ಲಿ ಒಳ್ಳೆಯ ಐಇಎಂ ಕೂಡ. ಊರಿಗೆ ಹೋದಾಗ ತಗೊಂಡು ಹೋಗಿ. ಆಟೋ ಲೆವೆಲ್ ಆಫ್ ಮಾಡಿ. ದಮ್ಮಡಿಯವರಿಗೆ ಮೊದಲು ಜೋರಾಗಿ ಬಾರಿಸಲು ಹೇಳಿ, ಆ ಪೆಟ್ಟಿಗೂ ಕೆಂಪು ದೀಪ ಹತ್ತದ ಹಾಗೆ ಲೆವೆಲ್ ಹೊಂದಿಸಿ. ಪೇಟಿಯ ಮೇಲೆ ಇಡಬೇಡಿ, ಹಾಡುವವರ ಎದುರಿಗೆ ನಾಲ್ಕೈದು ಅಡಿ ದೂರ, ಕೂತವರ ಬಾಯಿಯ ಎತ್ತರಕ್ಕೆ. ಹಾರ್ನು ಬೇಡ ಅಂತ ಕೈಮುಗಿದು ಕೇಳಿಕೊಳ್ಳಿ, ಒಂದು ಪದಕ್ಕಾದರೂ ಒಪ್ಪುತ್ತಾರೆ. ಫ್ಯಾನು ಮಾತ್ರ ಆಫ್ ಮಾಡಿಸಲಾಗದು. ಮೇ ತಿಂಗಳಲ್ಲಿ ಶಹಾಪುರದಲ್ಲಿ ಫ್ಯಾನ್ ಆಫ್ ಮಾಡ್ರೀ ಅಂದರೆ ಯಾವ ಕಾಕಾನೂ ಕೇಳಲ್ಲ. ಚಳಿಗಾಲದ ಅಮಾವಾಸ್ಯೆ ನೋಡಿಕೊಂಡು ರಜೆ ಹಾಕಿ.